ಸಹಾಯ ಬೇಕು: ‘ಚೋಮನ ದುಡಿ’ಯ ಬೆಳ್ಳಿ ಅನ್ನುವ ಹೆಸರು ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಮತ್ತೆ ಓದುತ್ತಿದ್ದೇನೆ. ಈ ಸಲ ಮನಸ್ಸು ಹೆಸರುಗಳ ಮೇಲೆ ನಿಂತಿದೆ.

ತುಳುನಾಡಿನಲ್ಲಿ ಹುಟ್ಟಿದ ವಾರದ ಮೇಲೆ ಹೆಸರಿಡುವ ರೂಢಿ ಇತ್ತು. ಭಾನುವಾರ ಹುಟ್ಟಿದರೆ ಐತ, ಮಂಗಳವಾರ ಅಂಗಾರ, ಶುಕ್ರವಾರ ತುಕ್ರ. ಹಾಗೆ ನೋಡಿದರೆ ಚೋಮ ಅಂದರೆ ಸೋಮ, ಸೋಮವಾರದವನು. ಮಕ್ಕಳಲ್ಲಿ ಗುರುವ ಗುರುವಾರದವನು, ಚನಿಯ ಶನಿವಾರದವನು. ಅಪ್ಪ ಮಕ್ಕಳ ಹೆಸರಲ್ಲೇ ವಾರದ ಲೆಕ್ಕ ಇದೆ, ಎಷ್ಟು ಚಂದ ಅಲ್ವಾ! ಕಾಳ, ನೀಲ ಬಣ್ಣದಿಂದ ಬಂದ ಹೆಸರುಗಳು, ಅದು ಸುಲಭ.

ನಾನು ಸಿಕ್ಕಿಕೊಂಡಿರುವುದು ಮಗಳು ಬೆಳ್ಳಿಯ ಹತ್ತಿರ. ತುಳುವಿನಲ್ಲಿ ಬೆಳ್ಳಿಗೆ ‘ಬೊಳ್ಳಿ’ ಅನ್ನುತ್ತಾರೆ. ಹಾಗಾದರೆ ಇದು ಲೋಹದ ಹೆಸರೋ, ಬಿಳಿ ಬಣ್ಣದ್ದೋ? ಅಥವಾ ಶುಕ್ರನಿಗೂ ನಾವು ಬೆಳ್ಳಿ ಅನ್ನುತ್ತೇವಲ್ಲ, ಶುಕ್ರವಾರ ಹುಟ್ಟಿದವಳು ಅಂತ ಇರಬಹುದೇ?

ಪುತ್ತೂರು, ಸುಳ್ಯ, ಕಾಸರಗೋಡು ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ಹೆಣ್ಣುಮಕ್ಕಳಿಗೆ ಯಾವ ವಾರಕ್ಕೆ ಯಾವ ಹೆಸರು ಇಡುತ್ತಿದ್ದರು? ಅಜ್ಜಿಯ ಕಾಲದ ಒಂದೆರಡು ಹೆಸರು ಬರೆದರೂ ನನಗೆ ತುಂಬಾ ಉಪಕಾರ.