ಪದಚರ್ಚೆ: ಹೆಂಚಿಗೂ ಸೀಲಿಂಗಿಗೂ ನಡುವಿನ ಜಾಗ, ಅಲ್ಲಿನ ಫ್ಯಾನ್ – ನಿಮ್ಮ ಕಡೆ ಏನಂತೀರಿ?

ಗೆಳೆಯರೆ, ನಮಸ್ಕಾರ.

ಚಿಕ್ಕಬಳ್ಳಾಪುರದಿಂದ ಬರೆಯುತ್ತಿದ್ದೇನೆ. ಮನೆ ರಿಪೇರಿಗೆ ಸಂಬಂಧಪಟ್ಟ ನಾಲ್ಕೈದು ಪದ ಬೇಕಾಗಿವೆ. ಅದರಲ್ಲಿ ಎರಡು ತುರ್ತಾಗಿ ಬೇಕು.

ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಳ್ಳಿಗಳಲ್ಲಿ ಹೆಂಚಿನ ಮನೆಗಳು ಇನ್ನೂ ಇವೆ. ಮೊದಲು ಒಳಗಿನಿಂದ ನೋಡಿದರೆ ಜಂತೆ, ರೀಪು, ಹೆಂಚು ಎಲ್ಲ ಕಾಣುತ್ತಿತ್ತು. ಈಗ ಕೆಳಗೆ ಹಲಗೆ ಹೊಡೆಸುತ್ತಾರೆ, ಇಲ್ಲವೇ ಜಿಪ್ಸಂ ಸೀಲಿಂಗ್ ಮಾಡಿಸುತ್ತಾರೆ. ಮನೆ ಚೆನ್ನಾಗಿ ಕಾಣುತ್ತದೆ, ಧೂಳು ಬೀಳುವುದಿಲ್ಲ. ಆದರೆ ಹೆಂಚಿಗೂ ಸೀಲಿಂಗಿಗೂ ನಡುವೆ ಉಳಿಯುವ ಜಾಗದಲ್ಲಿ ಬೇಸಿಗೆಯ ಬಿಸಿ ತುಂಬಿಕೊಳ್ಳುತ್ತದೆ. ಹೊತ್ತು ಮುಳುಗಿದ ಮೇಲೂ ಆ ಬಿಸಿ ಕೋಣೆಗೆ ಇಳಿಯುತ್ತಲೇ ಇರುತ್ತದೆ. ಅದಕ್ಕೇ ಕೆಲವರು ಆ ಜಾಗದ ಪಕ್ಕದ ಗೋಡೆಗೆ ಒಂದು ಫ್ಯಾನ್ ಕೂರಿಸಿದ್ದಾರೆ. ಅದು ಒಳಗಿನ ಬಿಸಿಗಾಳಿಯನ್ನು ಎಳೆದು ಹೊರಗೆ ಬಿಡುತ್ತದೆ. ಈ ಫ್ಯಾನ್ ಕೆಟ್ಟರೆ ಏನು ನೋಡಬೇಕು, ಬದಲಿಸುವಾಗ ಅಂಗಡಿಯಲ್ಲಿ ಏನು ಕೇಳಬೇಕು ಅಂತ ಮನೆಯವರೇ ಓದಿಕೊಳ್ಳುವ ಹಾಗೆ ಒಂದು ಚಿಕ್ಕ ಬರಹ ಮಾಡುತ್ತಿದ್ದೇನೆ. ಕೆಲಸದ ವಿಷಯ ಗೊತ್ತಿದೆ, ಸಿಕ್ಕಿಹಾಕಿಕೊಂಡಿರುವುದು ಹೆಸರುಗಳಲ್ಲಿ.

ಮೊದಲು ಆ ಜಾಗದ ಹೆಸರು. ಎಲ್ಲರೂ ಥಟ್ಟನೆ ಹೇಳುವುದು 'ಅಟ್ಟ'. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ನಮ್ಮಲ್ಲಿ ಅಟ್ಟ ಅಂದರೆ ಅಡುಗೆಮನೆ ಮೇಲೆ ಹಂಡೆ, ಪರಾತ, ಹಪ್ಪಳದ ಡಬ್ಬಿ ಎತ್ತಿಡುವ ಜಾಗ. ಆರ್‌ಸಿಸಿ ಮನೆಗಳಲ್ಲಿ ಬಾಗಿಲ ಮೇಲಿನ ಸ್ಲ್ಯಾಬಿಗೂ ಅದೇ ಹೆಸರು. ಬಾಗೇಪಲ್ಲಿ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಇದನ್ನೇ 'ಅಟಕ' ಅಂತಾರೆ. ಹೊಲ ಕಾಯುವವರು ಹತ್ತಿ ಕೂರುವುದು ಅಟ್ಟಣೆ. 'ಅಟ್ಟ ಹತ್ತಲಾರದವನು ಬೆಟ್ಟ ಹತ್ತುತ್ತಾನೆಯೇ' ಅನ್ನುವ ಗಾದೆ ಇದೆಯಲ್ಲ, ಅಲ್ಲೂ ಅಟ್ಟ ಅಂದರೆ ಹತ್ತಿ ನಿಲ್ಲುವ ಜಾಗವೇ. ಅಂದರೆ ಅಟ್ಟದ ಮೇಲೆ ಭಾರ ಹಾಕಬಹುದು ಅನ್ನುವ ನಂಬಿಕೆ ಆ ಪದದೊಳಗೇ ಇದೆ. ಜಿಪ್ಸಂ ಹಲಗೆ ಮೇಲೆ ಕಾಲಿಟ್ಟರೆ ಅದು ಮುರಿದು ಆಳು ಸೀದಾ ಕೆಳಗೆ ಬರುತ್ತಾನೆ. 'ಅಟ್ಟ ಹತ್ತಿ ಫ್ಯಾನ್ ನೋಡಿ' ಅಂತ ಬರೆದರೆ ಓದಿದವರು ನಿಜವಾಗಿಯೂ ಹತ್ತುತ್ತಾರೆ. ಕಾಲಿಡಬೇಕಾದದ್ದು ಜಂತೆ ಮೇಲೆ, ಇಲ್ಲವೇ ಜಂತೆಯಿಂದ ಜಂತೆಗೆ ಹಾಕಿದ ಗಟ್ಟಿ ಹಲಗೆ ಮೇಲೆ ಮಾತ್ರ. ಹಾಗಾಗಿ ಈ ಬರಹದಲ್ಲಿ ಅಟ್ಟ ಅನ್ನುವ ಪದ ಬರಲೇಬಾರದು ಅನ್ನುವುದು ನನ್ನ ನಿಲುವು.

ಹಾಗಾದರೆ ಏನನ್ನಬೇಕು? 'ಮಾಡು' ಅನ್ನಬಹುದು ಅಂತ ಮಲೆನಾಡಿನ ಗೆಳೆಯರೊಬ್ಬರು ಹೇಳಿದರು. ಕರಾವಳಿ, ಮಲೆನಾಡಿನಲ್ಲಿ ಅದು ಸರಿ. ಇಲ್ಲಿ ಆ ಪದ ಬಳಕೆಯಲ್ಲಿಲ್ಲ. ಇಲ್ಲಿನ ಹಳಬರಿಗೆ ಮಾಡು ಅಂದರೆ ಗೋಡೆಯಲ್ಲಿ ದೀಪ ಇಡುವ ಗೂಡು ನೆನಪಾಗುತ್ತದೆ. 'ಸೂರು' ಚಂದದ ಪದ, ಎಲ್ಲರಿಗೂ ಗೊತ್ತು. ಆದರೆ 'ಸೂರಿನಡಿ' ಅಂದ ಕೂಡಲೇ 'ಒಂದೇ ಸೂರಿನಡಿ ಎಲ್ಲ ಸೇವೆ' ಅನ್ನುವ ಪೇಪರಿನ ಮಾತು ತಲೆಗೆ ಬರುತ್ತದೆ, ಇಡೀ ಮನೆ ಅಂತ ಅರ್ಥವಾಗುತ್ತದೆ. ಸೂರು ಅಂದರೆ ಹೆಂಚಿನ ಕೊನೆ, ಮಳೆನೀರು ತೊಟ್ಟಿಕ್ಕುವ ಅಂಚು, ಅನ್ನುವ ಅರ್ಥವೂ ಇದೆ. ಆ ಅರ್ಥದಲ್ಲಿ ಪದ ನನಗೆ ಬೇರೆ ಕಡೆ ಬೇಕಾಗಿದೆ, ಮುಂದೆ ಹೇಳುತ್ತೇನೆ. ಸದ್ಯಕ್ಕೆ 'ಹೆಂಚಿನಡಿ' ಅಂತ ಬರೆದುಕೊಂಡಿದ್ದೇನೆ. ಶೀಟಿನ ಮನೆಯಾದರೆ 'ಶೀಟಿನಡಿ'. ಇದಕ್ಕಿಂತ ಒಳ್ಳೆಯದು ನಿಮ್ಮಲ್ಲಿದ್ದರೆ ದಯವಿಟ್ಟು ಕೊಡಿ.

ಎರಡನೆಯದು ಫ್ಯಾನಿನ ಹೆಸರು. ಇಲ್ಲಿ ತೊಡಕು ಇನ್ನೂ ಜಾಸ್ತಿ. ಅಮೆರಿಕದ ಮನೆಗಳಲ್ಲಿ ಇಂಥವು ಎರಡು ಬಗೆ ಇವೆ. ಒಂದು, ಛಾವಣಿ ಕೆಳಗಿನ ಜಾಗದ ಬಿಸಿಯನ್ನು ಮಾತ್ರ ಹೊರಗೆ ತಳ್ಳುವುದು. ಬಿಸಿ ಏರಿದರೆ ತಾನೇ ಶುರುವಾಗಲು ಅದಕ್ಕೊಂದು ಥರ್ಮೋಸ್ಟಾಟ್ ಇರುತ್ತದೆ. ಇನ್ನೊಂದು ಸೀಲಿಂಗಿನಲ್ಲೇ ಕೂತಿರುತ್ತದೆ. ಸಂಜೆ ಹೊರಗೆ ತಂಪಾದ ಮೇಲೆ ಕಿಟಕಿ ತೆಗೆದು ಅದನ್ನು ಹಾಕಿದರೆ ಕೋಣೆಗಳ ಗಾಳಿಯನ್ನೆಲ್ಲ ಮೇಲಕ್ಕೆ ಎಳೆದು ಹೊರಗೆ ಕಳಿಸುತ್ತದೆ. ಮೊದಲನೆಯದು ಓಡುವಾಗ ಕೋಣೆಯ ಗಾಳಿ ಮೇಲೆ ಹೋಗಬಾರದು. ಎರಡನೆಯದರ ಕೆಲಸವೇ ಕೋಣೆಯ ಗಾಳಿಯನ್ನು ಎಳೆಯುವುದು. ಎರಡಕ್ಕೂ 'ಅಟ್ಟದ ಫ್ಯಾನ್' ಅಂತ ಒಂದೇ ಹೆಸರು ಕೊಟ್ಟರೆ ಓದುಗರು ಯಾವುದನ್ನು ನಂಬಬೇಕು?

ನಮ್ಮ ಅಂಗಡಿಗಳಲ್ಲಿ ಬೇರೆಯೇ ಗೋಜಲು. 'ಎಕ್ಸಾಸ್ಟ್ ಫ್ಯಾನ್' ಕೇಳಿದರೆ ಕೊಡುತ್ತಾರೆ. ಪಕ್ಕದಲ್ಲೇ ತಗಡಿನ ರೆಕ್ಕೆಯ 'ಫ್ರೆಶ್ ಏರ್ ಫ್ಯಾನ್' ಇರುತ್ತದೆ. ಹೆಸರು ಕೇಳಿದರೆ ಹೊಸ ಗಾಳಿಯನ್ನು ಒಳಗೆ ತರುತ್ತದೆ ಅನ್ನಿಸುತ್ತದೆ, ಅಲ್ವಾ? ಆದರೆ ಜನ ಅದನ್ನೂ ಗಾಳಿ ಹೊರಗೆ ಹಾಕಲಿಕ್ಕೇ ಕೂರಿಸುವುದು. ಗಾಳಿ ಯಾವ ಕಡೆ ಹೋಗುತ್ತದೆ ಅನ್ನುವುದು ಫ್ಯಾನನ್ನು ಯಾವ ಮುಖವಾಗಿ ಕೂರಿಸಿದ್ದಾರೆ ಅನ್ನುವುದರ ಮೇಲಿದೆ. ತಿರುಗಿಸಿ ಕೂರಿಸಿದರೆ ಹೊರಗಿನ ಬಿಸಿಗಾಳಿ, ಧೂಳು ಎಲ್ಲ ಒಳಗೆ.

ಅದಕ್ಕೇ ಹೆಸರಿನಲ್ಲಿ ಎರಡು ವಿಷಯ ಇರಲೇಬೇಕು: ಫ್ಯಾನ್ ಎಲ್ಲಿದೆ, ಗಾಳಿ ಯಾವ ಕಡೆ ಹೋಗುತ್ತದೆ. 'ವಾತಾಯನ ಪಂಖ', 'ನಿಷ್ಕಾಸ ಪಂಖ' ಅಂತ ಮಾಡಬಹುದು, ಆದರೆ ಅದನ್ನು ಹಿಡಿದುಕೊಂಡು ಎಲೆಕ್ಟ್ರಿಕಲ್ ಅಂಗಡಿಗೆ ಹೋದರೆ ಏನೂ ಸಿಗುವುದಿಲ್ಲ. 'ಬಿಸಿಗಾಳಿ ಫ್ಯಾನ್' ಅಂದರೆ ರೂಮ್ ಹೀಟರ್ ಕೊಟ್ಟಾರು. ನಮ್ಮ ಎಲೆಕ್ಟ್ರೀಷಿಯನ್‌ಗಳು 'ಗಾಳಿ ಎಳೆಯೋ ಫ್ಯಾನು' ಅಂತಾರೆ. ಮಾತು ಚೆನ್ನಾಗಿದೆ, ಆದರೆ ಎಲ್ಲಿಂದ ಎಲ್ಲಿಗೆ ಅಂತ ಹೇಳುವುದಿಲ್ಲ. ನಾನು 'ಹೆಂಚಿನಡಿ ಎಕ್ಸಾಸ್ಟ್' ಅಂತ ಇಟ್ಟುಕೊಂಡಿದ್ದೇನೆ. ಎಕ್ಸಾಸ್ಟ್ ಅನ್ನುವುದು ಅಡುಗೆಮನೆಯಿಂದ ಎಲ್ಲರಿಗೂ ಗೊತ್ತು, ಹೊರಗೆ ಹಾಕುವುದು ಅನ್ನುವ ಅರ್ಥ ಅದರ ಜೊತೆಗೇ ಬಂದುಬಿಟ್ಟಿದೆ. ಎರಡನೇ ಬಗೆಗೆ 'ಮನೆಗಾಳಿ ಎಕ್ಸಾಸ್ಟ್' ಅಂದರೆ ನಡೆಯುತ್ತದೆಯೇ? ನನಗೆ ಪೂರ್ತಿ ಸಮಾಧಾನವಿಲ್ಲ.

ಇಲ್ಲಿನ ರೇಷ್ಮೆಯವರ ಮಾತನ್ನು ಇಲ್ಲಿ ಹೇಳಲೇಬೇಕು. ಹುಳು ಪೊರೆ ಬಿಡಲು ಸುಮ್ಮನೆ ಕೂರುವುದಕ್ಕೆ 'ಜ್ವರ' ಅಂತಾರೆ. ಗೂಡು ಕಟ್ಟಲು ತಯಾರಾದರೆ 'ಹಣ್ಣಾಗಿದೆ' ಅಂತಾರೆ. ಯಾವ ಪುಸ್ತಕವೂ ಕೊಟ್ಟ ಪದಗಳಲ್ಲ, ಆದರೆ ಯಾರಿಗೂ ಗೊಂದಲವಿಲ್ಲ. ಕೊನೆಯ ಹಂತದ ಹುಳುವಿಗೆ 24-25 ಡಿಗ್ರಿ ಸಾಕು, ಅದಕ್ಕಿಂತ ತುಂಬಾ ಏರಿದರೆ ಬೆಳೆಗೆ ಪೆಟ್ಟು. ಚಂದ್ರಿಕೆ (ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ) ಮೇಲೆ ಬಿಟ್ಟ ಮೇಲೆ ಹುಳು ಹೊರಹಾಕುವ ತೇವ ಕೋಣೆಯಲ್ಲೇ ನಿಂತರೆ ಗೂಡಿನ ನೂಲು ಸರಿಯಾಗಿ ಬಿಚ್ಚುವುದಿಲ್ಲ. ಇದಕ್ಕೆಲ್ಲ ಅವರು ಬಳಸುವುದು ಒಂದೇ ಮಾತು: 'ಗಾಳಿ ಆಡಬೇಕು'. ಬರಹದಲ್ಲಿ 'ವಾತಾಯನ' ಅಂತ ಬರುವ ಕಡೆಯೆಲ್ಲ ಇದನ್ನೇ ಹಾಕಿದ್ದೇನೆ. ಇದಕ್ಕೆ ನಿಮ್ಮ ತಕರಾರು ಇರಲಾರದು ಅಂದುಕೊಂಡಿದ್ದೇನೆ.

ಇನ್ನು ಗಾಳಿ ಒಳಗೆ ಬರುವ ದಾರಿ. ಹೊರಗೆ ಹೋಗುವಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಸೂರಿನ ಅಂಚಿನಲ್ಲಿ, ಗೋಡೆ ತಲೆಗೂ ಹೆಂಚಿಗೂ ನಡುವೆ ಇರುವ ಸಂದಿಯಿಂದಲೇ ಅದು ಬರಬೇಕಾದದ್ದು. ಇಲಿ, ಹಾವು ಬರುತ್ತವೆ ಅಂತ ಜನ ಆ ಸಂದಿಗೆ ಸಿಮೆಂಟ್ ಮೆತ್ತಿಬಿಡುತ್ತಾರೆ. ಆಮೇಲೆ ಫ್ಯಾನ್ ಎಷ್ಟು ಓಡಿದರೂ ಬಿಸಿ ಇಳಿಯುವುದಿಲ್ಲ. ಸೀಲಿಂಗಿನ ಬಿರುಕುಗಳಿಂದ ಕೋಣೆಯ ಗಾಳಿಯನ್ನೇ ಅದು ಎಳೆಯುತ್ತದೆ. ಸೌದೆ ಒಲೆ ಇದ್ದರೆ ಹೊಗೆ ಮನೆಯೊಳಗೇ ಸುಳಿಯುತ್ತದೆ. ಹೊಸ ಫ್ಯಾನ್ ತರುವ ಮೊದಲು ನೋಡಬೇಕಾದದ್ದು ಇದನ್ನೇ. ಸಿಮೆಂಟ್ ಬದಲು ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆಸಿದರೆ ಇಲಿಯೂ ಬರುವುದಿಲ್ಲ, ಗಾಳಿಯೂ ಆಡುತ್ತದೆ. ಫ್ಯಾನ್ ಇಲ್ಲದೆ ತಾನಾಗಿ ಗಾಳಿ ಆಡಲು ಅಮೆರಿಕದ ಮನೆ ಕಟ್ಟುವ ನಿಯಮದಲ್ಲಿ ಒಂದು ಲೆಕ್ಕವಿದೆ: ಮೇಲಿನ ಜಾಗದ ನೆಲ 150 ಚದರಡಿ ಇದ್ದರೆ ಗಾಳಿಗೆ 1 ಚದರಡಿ ತೆರಪು. 600 ಚದರಡಿಯ ಮನೆಗೆ 4 ಚದರಡಿ. ಫ್ಯಾನ್ ಇದ್ದರೂ ಬರುವ ದಾರಿ ಬೇಕೇ ಬೇಕು. ಈ ಸಂದಿಗೆ 'ಸೂರುಗಿಂಡಿ' ಅನ್ನೋಣವೇ? ಬೆಳಕಿಂಡಿ ನಮ್ಮಲ್ಲಿ ಬಳಕೆಯಲ್ಲಿದೆ, ಅದೇ ದಾರಿಯಲ್ಲಿ ಇದು. ಗವಾಕ್ಷಿ ಅಂದರೆ ಛಾವಣಿಯ ಮೇಲೆ ಬೆಳಕಿಗೆ ಬಿಟ್ಟ ತೂತು ಅಂತ ಜನ ತಿಳಿಯುತ್ತಾರೆ, ಅದು ಬೇಡ.

ಫ್ಯಾನಿನ ಭಾಗಗಳಿಗೆ ಅಂಗಡಿಯ ಮಾತೇ ಇರಲಿ. ಒಂದು ಉದಾಹರಣೆ. ಪರಿಚಯದವರ ಮನೆಯಲ್ಲಿ ಸ್ವಿಚ್ ಹಾಕಿದರೆ ಫ್ಯಾನ್ ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಎಲೆಕ್ಟ್ರೀಷಿಯನ್ ಜಂತೆ ಮೇಲೆ ಕೂತು, ಮೇನ್ ಆಫ್ ಮಾಡಿಸಿ, ರೆಕ್ಕೆಯನ್ನು ಬೆರಳಿನಿಂದ ಸುತ್ತಿ ನೋಡಿದರು. ಸಲೀಸಾಗಿ ಸುತ್ತಿತು. 'ಬುಷ್ ಚೆನ್ನಾಗಿದೆ ಸಾರ್, ಕಂಡೆನ್ಸರ್ ಹೋಗಿದೆ' ಅಂದರು. ಹಳೆಯ ಕಂಡೆನ್ಸರಿನ ಮೈ ಮೇಲೆ ಬರೆದಿದ್ದ ಅಳತೆ, ಅಂದರೆ ಎಂಎಫ್‌ಡಿ ನೋಡಿ ಅಷ್ಟೇ ಅಳತೆಯದು ತಂದು ಹಾಕಿದರು, ಓಡಿತು. ಪುಸ್ತಕದಲ್ಲಿ ಅದು ಧಾರಕ, ಅಂಗಡಿಯಲ್ಲಿ ಕಂಡೆನ್ಸರ್. ನಾನು ಕಂಡೆನ್ಸರ್ ಅಂತಲೇ ಬರೆಯುತ್ತೇನೆ. ಕೈಯಲ್ಲಿ ಸುತ್ತಿದಾಗ ಬಿಗಿಯಾಗಿದ್ದರೆ ಬುಷ್ ಅಥವಾ ಬೇರಿಂಗ್ ಹಿಡಿದಿದೆ. ಸದ್ದೂ ಇಲ್ಲ, ಸುಟ್ಟ ವಾಸನೆ ಇದ್ದರೆ ವೈಂಡಿಂಗ್ ಹೋಗಿದೆ. ಸದ್ದೇ ಇಲ್ಲ, ವಾಸನೆಯೂ ಇಲ್ಲ ಅಂದರೆ ಮೊದಲು ವೈರ್ ನೋಡಬೇಕು. ಹೆಂಚಿನಡಿಯ ವೈರನ್ನು ಇಲಿ, ಅಳಿಲು ಕಡಿದಿರುವುದು ಮಾಮೂಲು. ಥರ್ಮೋಸ್ಟಾಟ್ ಇರುವ ಫ್ಯಾನಾದರೆ ಅದು ಕೆಟ್ಟಿದ್ದರೂ ಹೀಗೇ ಆಗುತ್ತದೆ.

ಕನ್ನಡ ಪದ ನಿಜವಾಗಿ ಬೇಕಾಗಿರುವುದು 'ರೆಕ್ಕೆ'ಯ ವಿಷಯದಲ್ಲಿ. ತಿರುಗುವುದೂ ರೆಕ್ಕೆ. ಹೊರಮುಖದಲ್ಲಿ ಗಾಳಿ ತಳ್ಳಿದಾಗ ತೆರೆದು, ನಿಂತಾಗ ಮುಚ್ಚಿಕೊಳ್ಳುವ ತಗಡಿನ ಪಟ್ಟಿಗಳನ್ನೂ ಜನ ರೆಕ್ಕೆ ಅಂತಾರೆ. 'ರೆಕ್ಕೆ ಅಂಟಿಕೊಂಡಿದೆಯಾ ನೋಡಿ' ಅಂತ ಬರೆದರೆ ಯಾವುದು? ಧೂಳು, ಜೇಡರ ಬಲೆ ಸೇರಿ ಈ ಪಟ್ಟಿಗಳು ಅಂಟಿಕೊಂಡರೆ ಫ್ಯಾನ್ ಓಡುತ್ತಿದ್ದರೂ ಗಾಳಿ ಹೊರಗೆ ಹೋಗುವುದಿಲ್ಲ. ಬರೀ 'ಪಟ್ಟಿ' ಅಂದರೆ ಸಾಕೇ? 'ಗಾಳಿಪಟ್ಟಿ'ಯೇ? 'ಶಟರ್' ಅಂದರೆ ಅಂಗಡಿ ಬಾಗಿಲು ನೆನಪಾಗುತ್ತದೆ.

ಇನ್ನೊಂದು, 'ಅಳತೆ'. 12 ಇಂಚಿನ ಫ್ಯಾನ್ ಅಂದರೆ ರೆಕ್ಕೆ ತಿರುಗುವ ವೃತ್ತದ ಅಡ್ಡಳತೆ, 300 ಮಿಲಿಮೀಟರ್. ಚೌಕಟ್ಟು ಅದಕ್ಕಿಂತ ದೊಡ್ಡದು. ಗೋಡೆಯಲ್ಲಿ 12 ಇಂಚಿನ ತೂತು ಕೊರೆಸಿದವರಿಗೆ ಫ್ಯಾನ್ ಒಳಗೆ ಹೋಗುವುದಿಲ್ಲ. 'ರೆಕ್ಕೆ ಅಳತೆ', 'ತೂತಿನ ಅಳತೆ' ಅಂತ ಬೇರೆ ಬೇರೆ ಬರೆದಿದ್ದೇನೆ. ಇದು ಎಲ್ಲರಿಗೂ ತಿಳಿಯುತ್ತದೆಯೇ ಹೇಳಿ.

ಕೊನೆಯದಾಗಿ, ಫ್ಯಾನ್ ಕೂರಿಸುವ ಆ ಗೋಡೆ. ಹೆಂಚಿನ ಎರಡು ಇಳಿಜಾರು ಸೇರುವ ಕಡೆ ತ್ರಿಕೋನವಾಗಿ ಮೇಲೇಳುವ ಭಾಗ. ನಮ್ಮ ಗಾರೆ ಕೆಲಸದವರು ಕೈ ತೋರಿಸಿ 'ಆ ಮೇಲಿನ ಗೋಡೆ' ಅಂತಾರೆ, ಅಷ್ಟೇ. ತುಮಕೂರು, ಕೋಲಾರ, ಮಲೆನಾಡು, ಕರಾವಳಿ, ಎಲ್ಲ ಕಡೆಯವರೂ ನಿಮ್ಮ ಊರಿನ ಗಾರೆಯವರನ್ನು, ಬಡಗಿಯವರನ್ನು ಒಮ್ಮೆ ಕೇಳಿ ತಿಳಿಸಿ. ಯಾವ ಊರಿನ ಮಾತು ಅಂತಲೂ ಬರೆಯಿರಿ.