ಭಾಮಿನಿ ಷಟ್ಪದಿಯಲ್ಲಿ (ಆರು ಸಾಲಿನ ಪದ್ಯ) ಮಾತ್ರೆಗಳ 14, 14, 23 ಲೆಕ್ಕ ಸರಿ ಇದೆ. ಆದರೂ ಓದಿದರೆ ಮುಗ್ಗರಿಸುತ್ತದೆ. ತಪ್ಪು ಎಲ್ಲಿ?

ತುಂತುರು ಬರೆದದ್ದು:

ಮುಕ್ತಛಂದದಿಂದ ಷಟ್ಪದಿಯ ಕಡೆಗೆ ಬಂದವರ ತೊಡಕು ಇದು. ವಸ್ತು ಇವತ್ತಿನದೇ: ಮಳೆ ಬಿಟ್ಟ ಮೇಲಿನ ಬಸ್ ನಿಲ್ದಾಣ, ಮಗುವಿನ ಕೈಹಿಡಿದು ಇಳಿಯುವ ಹೂ ಮಾರುವಾಕೆ, ಎಲ್ಲರ ಕೈಯಲ್ಲೂ ಮೊಬೈಲು. ಭಾಮಿನಿಯ ಪೂರ್ವಾರ್ಧ ಹೀಗಿದೆ:

ಮಳೆ ನಿಂತಿತು ಬಸ್ಸು ಬಂದಾಗ
ಇಳಿದ ಜನರ ಕೊಡೆಗಳ ತುದಿಯಲಿ
ಉಳಿದ ಹನಿಗಳು ಮೊಬೈಲಿನ ಮೇಲೆ ಜಾರಿ ಬಿದ್ದವು

ಲಘುವಿಗೆ (ಗಿಡ್ಡ ಅಕ್ಷರ) 1, ಗುರುವಿಗೆ (ಉಚ್ಚಾರದಲ್ಲಿ ಉದ್ದದ ಅಕ್ಷರ) 2 ಮಾತ್ರೆ ಹಾಕಿ ಎಣಿಸಿದರೆ 14, 14, 23 ಸರಿಯಾಗಿ ಬರುತ್ತದೆ (ಕೊನೆಯ ‘ವು’ ಪಾದಾಂತ್ಯದ್ದು, ಅದನ್ನು ಗುರು ಎಂದು ಹಿಡಿದಿದೆ). ಗಟ್ಟಿಯಾಗಿ ಓದಿದರೆ ಮಾತ್ರ ಮೂರು ಸಾಲೂ ಒಂದೊಂದು ಥರ ಎಡವುತ್ತವೆ. ಏಕೆ? ಮೊಬೈಲಿನಂಥ ಪದಗಳನ್ನು, ‘ಬರುತ್ತದೆ’ಯಂಥ ಕ್ರಿಯಾಪದಗಳನ್ನು ಈ ನಡೆಗೆ ಹೊಂದಿಸುವುದು ಹೇಗೆ? ಆದಿಪ್ರಾಸ (ಎಲ್ಲ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ) ಈಗಲೂ ಬೇಕೇ?

ಹೊಂಬಾಳೆ:

ತುಂತುರು ಅವರೇ, ಭಾಮಿನಿಯ ಸಾಲು 14 ಮಾತ್ರೆಯದು ಎಂದುಕೊಂಡರೆ ಅಲ್ಲೇ ದಾರಿ ತಪ್ಪುತ್ತದೆ. ಅದು 3+4+3+4. ಮೂರನೆಯ ಮತ್ತು ಆರನೆಯ ಸಾಲು 3+4+3+4+3+4, ಆಮೇಲೆ ಒಂದು ಗುರು. ಮೊತ್ತ ಕೂಡಿಸುವುದನ್ನು ಬಿಟ್ಟು, ಗಣ (ಈ ಮೂರರ ಅಥವಾ ನಾಲ್ಕರ ಗುಂಪು) ಮುಗಿದಲ್ಲೆಲ್ಲ ಗೀಟು ಹಾಕಿ. ತೊಡೆಯ ಮೇಲೆ ತಕಿಟ ತಕಧಿಮಿ, ತಕಿಟ ತಕಧಿಮಿ ಎಂದು ತಟ್ಟುತ್ತ ಓದಿ. ಪ್ರತಿ ‘ತ’ಕ್ಕೂ ಹೊಸದೊಂದು ಅಕ್ಷರ ಶುರುವಾಗಬೇಕು. ನಿಮ್ಮ ಮೂರು ಸಾಲಿನಲ್ಲಿ ಮೂರು ಬೇರೆ ಬೇರೆ ದೋಷಗಳಿವೆ.

ಮೊದಲನೆಯದು. ‘ಮಳೆ’ ಎರಡು ಮಾತ್ರೆ. ಗಣ ತುಂಬಲು ಇನ್ನೊಂದೇ ಮಾತ್ರೆ ಬೇಕು, ಆದರೆ ಮುಂದೆ ನಿಂತಿರುವುದು ‘ನಿಂ’, ಎರಡು ಮಾತ್ರೆಯ ಗುರು. ಅದರ ಅರ್ಧ ಈ ಗಣಕ್ಕೆ, ಅರ್ಧ ಮುಂದಿನ ಗಣಕ್ಕೆ. ತಾಳದ ಪೆಟ್ಟು ಅಕ್ಷರದ ಹೊಟ್ಟೆಯ ಮೇಲೆ ಬೀಳುತ್ತದೆ. ‘ಮಳೆಯು | ನಿಂತಿತು’ ಎಂದರೆ 3+4 ಆಯಿತು. ‘ಬಸ್ಸು’ ಮೂರು, ಸರಿ (ಒತ್ತಕ್ಷರದ ಹಿಂದಿನ ‘ಬ’ ಗುರು). ‘ಬಂದಾಗ’ ಐದಾಗುತ್ತದೆ, ಒಂದು ಹೆಚ್ಚು, ‘ಬಂದಿತು’ ನಾಲ್ಕು.

ಎರಡನೆಯ ಸಾಲು ಕುತೂಹಲದ್ದು. ಹದಿನಾಲ್ಕಕ್ಕೆ ಹದಿನಾಲ್ಕೂ ಲಘು, ಹಾಗಾಗಿ ಗೀಟು ಎಲ್ಲಿ ಹಾಕಿದರೂ ಲೆಕ್ಕ ಸರಿಯೇ: ಇಳಿದ | ಜನರ ಕೊ | ಡೆಗಳ | ತುದಿಯಲಿ. ಆದರೆ ಪದಗಳು ಕಿವಿಗೆ ಹೇಳುವುದು 3+3+4+4. ಪದ ಗಣದ ಗೆರೆ ದಾಟುವುದು ತಪ್ಪಲ್ಲ. ಕುಮಾರವ್ಯಾಸನಲ್ಲಿ ಅದು ಎಲ್ಲೆಡೆ ಇದೆ. ದಾಟುವಾಗ ಹತ್ತಿರದಲ್ಲಿ ಒಂದು ಗುರು ಗೂಟದ ಹಾಗೆ ನಿಂತಿರಬೇಕು, ಅಷ್ಟೆ. ಬರೀ ಲಘುಗಳಾದಾಗ ಕಿವಿಗೆ ಹಿಡಿದುಕೊಳ್ಳಲು ಏನೂ ಇಲ್ಲ, ಅದು ಪದಗಳ ಅಂಚನ್ನೇ ಹಿಡಿಯುತ್ತದೆ. ‘ಇಳಿದ | ಮಂದಿಯ | ಕೊಡೆಯ | ತುದಿಯಲಿ’ ಎಂದು ನೋಡಿ. ಎರಡನೆಯ ಗಣದ ತಲೆಯಲ್ಲಿ ‘ಮಂ’ ಕೂತ ಕೂಡಲೇ ಸಾಲು ನೆಟ್ಟಗಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಗೀಟು ಹಾಕಿದರೂ ಸಿಗುವುದಿಲ್ಲ:

ಉಳಿದ | ಹನಿಗಳು | ಮೊಬೈ | ಲಿನ ಮೇ | ಲೆ ಜಾ | ರಿ ಬಿದ್ದ | ವು

3, 4, 3, 4, 3, 4, ಗುರು. ಎಲ್ಲ ಸರಿ! ಆದರೆ ‘ಮೊಬೈ’, ‘ಲೆ ಜಾ’, ‘ರಿ ಬಿದ್ದ’ ಈ ಮೂರೂ ಲಘುವಿನಿಂದ ಶುರುವಾಗಿ ತಕ್ಷಣ ಗುರುವಿಗೆ ಏರುತ್ತವೆ. ಇದೇ ಲಗಾದಿ. ಷಟ್ಪದಿಯ ಯಾವ ಗಣವೂ ಹೀಗೆ ಆರಂಭವಾಗಬಾರದು ಎನ್ನುವುದು ಬರೀ ಶಾಸ್ತ್ರದ ಮಾತಲ್ಲ. ತಾಳದ ಪೆಟ್ಟು ಬೀಳುವುದು ಗಣದ ಮೊದಲ ಅಕ್ಷರದ ಮೇಲೆ. ಅಲ್ಲಿ ಗಿಡ್ಡ ಅಕ್ಷರವಿದ್ದು ಪಕ್ಕದಲ್ಲೇ ಉದ್ದದ್ದು ಬಂದರೆ ಒತ್ತೆಲ್ಲ ಅದರ ಕಡೆ ಜಾರುತ್ತದೆ, ಮೆಟ್ಟಿಲು ತಪ್ಪಿದ ಕಾಲಿನಂತೆ. ಒಂದೇ ಸಾಲಿನಲ್ಲಿ ಮೂರು ಸಲ ಜಾರಿದರೆ ಓದುಗ ಗದ್ಯಕ್ಕೆ ಇಳಿದುಬಿಡುತ್ತಾನೆ.

ಆದ್ದರಿಂದ ಪರೀಕ್ಷೆ ಎರಡು ಹಂತದ್ದು: ಮೊದಲು ಗೀಟು, ಆಮೇಲೆ ಪ್ರತಿ ಗೀಟಿನ ಮುಂದಿನ ಎರಡು ಅಕ್ಷರ. ಲಘು-ಗುರು ಜೋಡಿ ಕಂಡಲ್ಲಿ ಸುತ್ತು ಹಾಕಿ. ಮೊತ್ತವನ್ನು ಎಣಿಸಬೇಕಾಗಿಯೇ ಇಲ್ಲ.

ಕಾಲುದಾರಿ:

ಮೇಲಿನ ಮಾತು ಒಪ್ಪುತ್ತೇನೆ. ಇವತ್ತಿನ ಪದಗಳ ಬಗ್ಗೆ ಸ್ವಲ್ಪ ಸೇರಿಸುವುದಿದೆ, ಏಕೆಂದರೆ ಹೊಸಬರು ಸೋಲುವುದು ಇಲ್ಲೇ.

ಮೊಬೈಲು, ವಿಮಾನ, ಸಮಾಜ, ವಿಳಾಸ, ಗುಲಾಬಿ ಇವೆಲ್ಲ ಒಂದೇ ಅಚ್ಚು: ಲಘು, ಗುರು, ಲಘು. ಗಣದ ಆರಂಭದಲ್ಲಿ ಇವನ್ನು ಕೂರಿಸಲಾಗದು. ಹಾಗೆಂದು ಬಿಡಬೇಕಿಲ್ಲ, ಇವುಗಳ ಮೊದಲ ಲಘುವನ್ನು ಹಿಂದಿನ ಗಣಕ್ಕೆ ತಳ್ಳಿದರೆ ಸಾಕು. ಮೂರರ ಗಣದಲ್ಲಾದರೆ ಮುಂಚೆ ಎರಡೇ ಮಾತ್ರೆ ಇರಬೇಕು: ‘ಆ ವಿ | ಮಾನದ’, ‘ಹಳೆ ವಿ | ಳಾಸದ | ಹಾಳೆ’. ನಾಲ್ಕರ ಗಣದಲ್ಲಾದರೆ ಮುಂಚೆ ಮೂರು: ‘ಬಿದ್ದ ಗು | ಲಾಬಿ’. ಹೀಗೆ ಮಾಡಿದಾಗ ಪದದ ಗುರು ಸರಿಯಾಗಿ ತಾಳದ ಪೆಟ್ಟಿನ ಮೇಲೆ ಕೂರುತ್ತದೆ. ಇಕ್ಕಟ್ಟಾಗಿದ್ದ ಪದವೇ ಸಾಲಿನ ಅಂದ ಆಗುತ್ತದೆ.

ನಿಮ್ಮ ಸಾಲಿಗೆ ‘ಈ ಮೊ | ಬೈಲಿನ’ ಎನ್ನಬಹುದಿತ್ತು. ಆದರೆ ‘ಹನಿಗಳು ಈ’ ಎಂಬಲ್ಲಿ ಎರಡು ಸ್ವರ ಎದುರಾಗಿ ಬಾಯಿ ತೆರೆದೇ ಉಳಿಯುತ್ತದೆ, ಮೇಲಾಗಿ ‘ಈ’ಗೆ ಅಲ್ಲಿ ಕೆಲಸವೂ ಇಲ್ಲ. ‘ಕೈಮೊಬೈಲು’ ಎಂದರೆ ಹೇಗೆ? ಕೈಚೀಲ, ಕೈಗಡಿಯಾರ ಇದ್ದ ಮೇಲೆ ಅದಕ್ಕೇನು ಅಡ್ಡಿ!

ಉಳಿದ | ಹನಿಗಳು | ಕೈಮೊ | ಬೈಲಿನ | ಮೇಲೆ | ಜಾರಿದ | ವು

‘ಜಾರಿ ಬಿದ್ದವು’ ಎನ್ನುವುದಕ್ಕಿಂತ ಬರೀ ‘ಜಾರಿದವು’ ಚೆನ್ನ. ಮೊಬೈಲಿನ ಗಾಜಿನ ಮೇಲೆ ಹನಿ ಬೀಳುವುದಕ್ಕಿಂತ ಜಾರುವುದೇ ಕಣ್ಣಿಗೆ ಕಟ್ಟುತ್ತದೆ.

ಬೇರೆ ಪದಗಳು: ಫೋನು, ಸೀಟು, ಟಾರು ಮೂರರವು. ಸಿಗ್ನಲು, ಮೆಟ್ರೋ, ಕ್ಯಾಮೆರ ನಾಲ್ಕರವು. ‘ಇಂಟರ್ನೆಟ್ಟು’ ಏಳು ಮಾತ್ರೆಯದು, ಆದರೆ ಒಡೆಯುವುದು 4+3 ಆಗಿ. ಮೂರರ ಗಣದಲ್ಲಿ ಶುರುಮಾಡಿದರೆ ಕೆಡುತ್ತದೆ, ನಾಲ್ಕರ ಗಣದಲ್ಲಿ ಶುರುಮಾಡಿದರೆ ಎರಡು ಗಣ ತುಂಬಿಕೊಡುತ್ತದೆ.

ಕ್ರಿಯಾಪದದ ಪ್ರಶ್ನೆ ಇನ್ನೂ ಮುಖ್ಯ. ‘ಬರುತ್ತದೆ’, ‘ಇರುತ್ತದೆ’, ‘ಸಿಗುತ್ತದೆ’ ಎಲ್ಲ ಲಗಾದಿಯೇ. ಇದಕ್ಕೆ ಹೆದರಿ ಎಲ್ಲವನ್ನೂ ‘ಬರುತಿದೆ’, ‘ಸಿಗುತಿದೆ’ ಮಾಡಿದರೆ ಲೆಕ್ಕ ನಾಲ್ಕಕ್ಕೆ ಇಳಿಯುತ್ತದೆ ನಿಜ, ಆದರೆ ಪದ್ಯಕ್ಕೆಲ್ಲ ಹಳೆಯ ಭಾವಗೀತೆಯ ವಾಸನೆ ಹತ್ತುತ್ತದೆ. ಒಂದು ಪದ್ಯಕ್ಕೆ ಒಂದು, ಹೆಚ್ಚೆಂದರೆ ಎರಡು. ಭೂತಕಾಲ ಈ ನಡೆಗೆ ಹೇಳಿ ಮಾಡಿಸಿದ್ದು: ಬಂದಿತು 4, ಬಂತು 3, ಹೋಯಿತು 4, ಹೋಯ್ತು 3, ಆಯಿತು 4, ಆಯ್ತು 3. ಎರಡು ಗಣಕ್ಕೂ ಜೋಡಿ ಸಿದ್ಧವಾಗಿದೆ, ಎರಡೂ ಇವತ್ತಿನ ಬಾಯಲ್ಲಿ ಇವೆ. ಸಪ್ತಮಿಯೂ ಹಾಗೆಯೇ: ‘ತುದಿಯಲ್ಲಿ’ 5, ‘ತುದಿಯಲಿ’ 4.

ಪದಾಂತ್ಯದ ಮುಂದೆ ‘ಪ್ರ’, ‘ಸ್ಟ’ದಂಥ ಒತ್ತಕ್ಷರ ಬಂದಾಗ ಹಿಂದಿನ ಅಕ್ಷರ ಗುರುವೇ ಎನ್ನುವುದು ಸಂಪ್ರದಾಯ. ಪದಗಳ ನಡುವೆ ಬಿಡುವು ಕೊಟ್ಟು ಲಘು ಎಂದು ಹಿಡಿಯುವವರೂ ಈಗ ಬಹಳ. ಯಾವುದಾದರೂ ಒಂದನ್ನು ಆರಿಸಿ, ಇಡೀ ಪದ್ಯಕ್ಕೆ ಅದನ್ನೇ ಉಳಿಸಿಕೊಳ್ಳಿ.

ಚಂಡೆಪೆಟ್ಟು:

ಒಂದು ಎಚ್ಚರಿಕೆ. ಹಾಡಿ ನೋಡಿ ‘ಸರಿ ಇದೆ’ ಎಂದು ತೀರ್ಮಾನಿಸಬೇಡಿ. ಯಕ್ಷಗಾನದಲ್ಲಿ ಭಾಮಿನಿ, ವಾರ್ಧಕ ಷಟ್ಪದಿಗಳನ್ನು ಭಾಗವತರು ತಾಳವಿಲ್ಲದೆ ಹಾಡುತ್ತಾರೆ. ರಾಗ ಎಳೆಯುವಾಗ ಗಿಡ್ಡ ಅಕ್ಷರ ಉದ್ದವಾಗುತ್ತದೆ, ಲಗಾದಿ ಮುಚ್ಚಿಹೋಗುತ್ತದೆ. ಗಮಕದಲ್ಲೂ ವಾಚಕರು ಅರ್ಥ ನೋಡಿ ಪದ ಬಿಡಿಸುತ್ತಾರೆ, ಗಣ ನೋಡಿ ಅಲ್ಲ. ಒಳ್ಳೆಯ ಕಂಠ ಕೆಟ್ಟ ಸಾಲನ್ನೂ ದಾಟಿಸಿಬಿಡುತ್ತದೆ. ಪರೀಕ್ಷೆಗೆ ರಾಗ ಬೇಡ. ಒಂದೇ ಶ್ರುತಿಯಲ್ಲಿ, ಮಗ್ಗಿ ಹೇಳುವ ಹಾಗೆ, ಕೈತಾಳ ಹಾಕಿ ಓದಿ.

ಮೂರನೆಯ ಸಾಲಿನ ಕೊನೆಯ ಗುರುವಿನ ಬಗ್ಗೆಯೂ ತಿಳಿದಿರಲಿ. ಮೊದಲ ಎರಡು ಸಾಲು ಸೇರಿ 28, ಅಂದರೆ ಏಳರ ನಾಲ್ಕು ಸುತ್ತು. ಮೂರನೆಯ ಸಾಲು 23ಕ್ಕೆ ನಿಲ್ಲುತ್ತದೆ. ಇನ್ನು 5 ಮಾತ್ರೆ ಮೌನ ಅಥವಾ ಎಳೆತ ಸೇರಿದರೆ ಅದೂ 28. ಆ ಐದು ಮಾತ್ರೆಯ ಬಿಡುವು ಛಂದಸ್ಸೇ ಕೊಟ್ಟ ಜಾಗ. ಕೇಳುಗ ಚಿತ್ರವನ್ನು ನೋಡುವುದು ಅಲ್ಲಿ. ಆದ್ದರಿಂದ ಮೂರನೆಯ ಸಾಲಿನ ಕೊನೆಗೆ ಒಂದು ಚಿತ್ರ ಪೂರ್ತಿಯಾಗಿರಲಿ. ಹನಿ ಜಾರಿದ್ದು ಅಲ್ಲಿ ಸರಿಯಾಗಿ ಕೂತಿದೆ. ಆರನೆಯ ಸಾಲಿನದು ಇನ್ನೂ ದೊಡ್ಡ ನಿಲುಗಡೆ. ಪದ್ಯ ಕಟ್ಟುವಾಗ ಆರನೆಯದನ್ನು ಮೊದಲು ಬರೆದಿಟ್ಟುಕೊಂಡು, ನಾಲ್ಕು ಮತ್ತು ಐದನ್ನು ಅದರ ಕಡೆಗೆ ಹರಿಸುವುದು ಒಳ್ಳೆಯ ಅಭ್ಯಾಸ. ಕ್ರಮವಾಗಿ ಬರೆಯುತ್ತ ಹೋದರೆ ಹೇಳುವುದೆಲ್ಲ ಐದನೆಯ ಸಾಲಿಗೇ ಮುಗಿದು, ಆರನೆಯದರ 23 ಮಾತ್ರೆಗೆ ಹೊಟ್ಟು ತುಂಬಬೇಕಾಗುತ್ತದೆ.

ತುಂತುರು:

ಮೂವರಿಗೂ ಕೃತಜ್ಞತೆ. ಲಗಾದಿ ಎಂಬ ಹೆಸರು ಗೊತ್ತಿತ್ತು. ಮೊತ್ತವೂ ಗೀಟೂ ಸರಿಯಿದ್ದು ಅದೊಂದೇ ಸಾಲನ್ನು ಕೆಡಿಸಬಹುದು ಎಂಬುದು ಹೊಳೆದಿರಲಿಲ್ಲ. ಆರನೆಯದನ್ನು ಮೊದಲು ಮಾಡಿ, ಉತ್ತರಾರ್ಧ:

ಎಳೆಯ ಕಂದನ ಕೈಯ ಹಿಡಿಯುತ
ಹೂವ ಮಾರುತ ತಾನು ನಡೆದಳು
ಒಳಗೆ ಸೀಟಿನ ಮೇಲೆ ಬುಟ್ಟಿಯ ಮರೆತು ಬಂದವಳು

ಬಿಳಿಹಾಳೆ:

ಆರನೆಯ ಸಾಲು ನಿಜಕ್ಕೂ ಚೆನ್ನಾಗಿದೆ. ಬುಟ್ಟಿಯ ಮೇಲೆ ಒಂದು ವಿಶೇಷಣವೂ ಇಲ್ಲ, ಅದೇ ಅದರ ಬಲ. ಗಣ ಮೂರೂ ಸಾಲಿನಲ್ಲಿ ಸರಿ. ಐದನೆಯ ಸಾಲಿನಲ್ಲಿ ಮಾತ್ರ ಮೂರು ಸಂಗತಿ ಕೆಟ್ಟಿವೆ, ಅವುಗಳಲ್ಲಿ ಒಂದೇ ಒಂದು ಛಂದಸ್ಸಿಗೆ ಸೇರಿದ್ದು.

‘ತಾನು’ ಪಾದಪೂರಣ. ಮೂರು ಮಾತ್ರೆಯ ತೂತು ಮುಚ್ಚಲು ಬಂದ ಪದ. ಇದನ್ನು ಹಿಡಿಯುವುದು ಸುಲಭ: ಪದ್ಯವನ್ನು ಗದ್ಯವಾಗಿ ಬರೆದುಕೊಳ್ಳಿ, ಗದ್ಯದಲ್ಲಿ ತಾನಾಗಿಯೇ ಉದುರಿಹೋಗುವ ಪದಗಳೆಲ್ಲ ಹೊಟ್ಟು. ತಾ, ತಾನು, ಅಂದು, ಭರದಿ, ಮುದದಿ ಇವೆಲ್ಲ ಆ ಪಟ್ಟಿಯವು. ‘ಮಳೆಯು’ವಿನ ‘ಯು’ ಕೂಡ ಅರೆಹೊಟ್ಟೇ, ಆದರೆ ಕಿವಿ ಅದನ್ನು ಕ್ಷಮಿಸುತ್ತದೆ, ಬಿಡಿ.

ಎರಡು, ಅರ್ಥ. ‘ಮಾರುತ ನಡೆದಳು’ ಎಂದರೆ ಈಗಲೂ ಮಾರುತ್ತಿದ್ದಾಳೆ. ಬುಟ್ಟಿ ಬಸ್ಸಿನಲ್ಲೇ ಉಳಿದಿದೆಯಲ್ಲ, ಮಾರುವುದು ಯಾವುದನ್ನು? ಮಾತ್ರೆ ಹೊಂದಿಸುವ ಭರದಲ್ಲಿ ‘ಮಾರಿ’ ಹೋಗಿ ‘ಮಾರುತ’ ಬಂದಾಗ ಕಥೆಯೇ ಬೇರೆಯಾಗುತ್ತದೆ. ಇಂಥ ತಪ್ಪು ಕಾಣುವುದು ಗೀಟು, ಸುತ್ತು ಎಲ್ಲ ಅಳಿಸಿ, ಮರುದಿನ ಬರೀ ಅರ್ಥಕ್ಕಾಗಿ ಓದಿದಾಗ.

ಮೂರು, ಪ್ರಾಸ. ಉಳಿದ ಐದು ಸಾಲಿನಲ್ಲಿ ಎರಡನೆಯ ಅಕ್ಷರ ‘ಳ’, ಅದರ ಹಿಂದೆ ಹ್ರಸ್ವ: ಮಳೆ, ಇಳಿ, ಉಳಿ, ಎಳೆ, ಒಳ. ಇದು ಸಿಂಹಪ್ರಾಸ. ‘ಹೂವ’ದಲ್ಲಿ ದೀರ್ಘದ ಮುಂದೆ ‘ವ’. ವ್ಯಂಜನವೂ ತಪ್ಪಿತು, ಹ್ರಸ್ವವೂ ತಪ್ಪಿತು. ಪ್ರಾಸ ಬೇಕೇ ಎಂದು ಕೇಳಿದ್ದಿರಿ. ಪೂರ್ತಿ ಬಿಟ್ಟರೂ ನಷ್ಟವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಐದರಲ್ಲಿ ಇಟ್ಟು ಒಂದರಲ್ಲಿ ಬಿಟ್ಟರೆ ಮಾತ್ರ ಅದು ಸೋಲಿನಂತೆ ಕೇಳುತ್ತದೆ. ಇಡುವುದಾದರೆ ಬರೆಯುವ ಮೊದಲೇ ಹನ್ನೆರಡು ಹದಿನೈದು ಪದ ಸಿಗುವ ಅಕ್ಷರ ಆರಿಸಿ. ಹ್ರಸ್ವದ ಮುಂದಿನ ‘ಳ’ ಧಾರಾಳ: ಕಳೆ, ತಳ, ಬೆಳೆ, ಕೊಳೆ, ಸೆಳೆ, ಅಳಿ, ತಿಳಿ. ಇವಕ್ಕೆ ಒಂದು ಪ್ರತ್ಯಯ ಹಚ್ಚಿದರೆ ಮೊದಲ ಗಣದ ಮೂರು ಲಘು ತಾನೇ ತುಂಬುತ್ತದೆ.

ಐದನೆಯದಕ್ಕೆ ಒಂದು ಸೂಚನೆ:

ಅಳಿದು | ಳಿದ ಹೂ | ಮಾರಿ | ನಡೆದಳು

‘ಅಳಿದುಳಿದ’ ಗೆರೆ ದಾಟುತ್ತದೆ. ಹೊಂಬಾಳೆಯವರು ಹೇಳಿದ ಗೂಟ ಇಲ್ಲಿ ಗಣದ ತಲೆಯಲ್ಲಿಲ್ಲ, ಬಾಲದಲ್ಲಿದೆ: ‘ಹೂ’. ಅದೊಂದು ಗುರು ಎರಡನೆಯ ಗಣವನ್ನು ಮುಚ್ಚಿ ನಿಲ್ಲಿಸುತ್ತದೆ. ಈಗ ಆಕೆ ಬಸ್ಸಿನಲ್ಲೇ ಕೊನೆಯ ಹೂ ಮಾರಿ ಮುಗಿಸಿದ್ದಾಳೆ, ಬುಟ್ಟಿ ಖಾಲಿ, ಮರೆತದ್ದಕ್ಕೂ ಕಾರಣ ಸಿಕ್ಕಿತು.

ಮುಕ್ತಛಂದಕ್ಕೆ ಮರಳಿದರೂ ಈ ಶ್ರಮ ವ್ಯರ್ಥವಲ್ಲ. ಕವಿ ಗೋಪಾಲಕೃಷ್ಣ ಅಡಿಗರು ಮಾತ್ರಾಛಂದದಲ್ಲಿ ಚೆನ್ನಾಗಿ ಪಳಗಿದ ಮೇಲೆ, 1954ರ ‘ಚಂಡೆಮದ್ದಳೆ’ ಸಂಕಲನದ ಹೊತ್ತಿಗೆ ಆ ನಡೆಯನ್ನು ಬೇಕಾದಲ್ಲಿ ಮುರಿಯತೊಡಗಿದರು. ಎಲ್ಲಿ ಮುರಿಯುತ್ತಿದ್ದೇವೆ ಎಂದು ಕಿವಿಗೆ ಗೊತ್ತಿರಬೇಕು.

ತುಂತುರು:

ತಾಳ ಹಾಕಿ ನಾಲ್ಕು ಸಲ ಓದಿದ್ದಾಯಿತು, ಎಲ್ಲೂ ಎಡವಲಿಲ್ಲ. ಈಗಿನ ರೂಪ:

ಮಳೆಯು ನಿಂತಿತು ಬಸ್ಸು ಬಂದಿತು
ಇಳಿದ ಮಂದಿಯ ಕೊಡೆಯ ತುದಿಯಲಿ
ಉಳಿದ ಹನಿಗಳು ಕೈಮೊಬೈಲಿನ ಮೇಲೆ ಜಾರಿದವು
ಎಳೆಯ ಕಂದನ ಕೈಯ ಹಿಡಿಯುತ
ಅಳಿದುಳಿದ ಹೂ ಮಾರಿ ನಡೆದಳು
ಒಳಗೆ ಸೀಟಿನ ಮೇಲೆ ಬುಟ್ಟಿಯ ಮರೆತು ಬಂದವಳು

ಹೊಂಬಾಳೆ:

ಮೊದಲ ಸಾಲಿನ ‘ಬಂದಿತು’ ಮತ್ತು ಎರಡನೆಯದರ ‘ಇಳಿದ’ ನಡುವೆ ಸ್ವರಗಳು ಎದುರಾಗುತ್ತವೆ, ಆದರೆ ಅಲ್ಲಿ ವಾಕ್ಯವೂ ಸಾಲೂ ಮುಗಿದಿರುವುದರಿಂದ ತೊಂದರೆಯಿಲ್ಲ. ಎರಡನೆಯ ಪದ್ಯಕ್ಕೆ ‘ಳ’ವನ್ನೇ ಮುಂದುವರಿಸಬೇಡಿ, ಪ್ರತಿ ಪದ್ಯಕ್ಕೂ ಪ್ರಾಸಾಕ್ಷರ ಬೇರೆಯಾಗಬಹುದು. ಬುಟ್ಟಿ ಮುಂದಿನ ನಿಲ್ದಾಣಕ್ಕೆ ಹೋಗುವುದಾದರೆ ‘ಡ’ ಹಿಡಿದು ನೋಡಿ: ನಡೆ, ತಡೆ, ಬಿಡು, ಕೊಡೆ, ಗಡಿ, ಹಿಡಿ.