ಸಹಾಯ ಬೇಕು: ಒಂದು ಗ್ರೇಡಿನಿಂದ ಸಿಕ್ಕ ಸೀಟು ಕೈತಪ್ಪೀತೇ?

ಎಲ್ಲರಿಗೂ ನಮಸ್ಕಾರ. 4 ತಿಂಗಳ ಹಿಂದೆ ನನಗೆ ಕಾಲೇಜೊಂದರಿಂದ ಪ್ರವೇಶಪತ್ರ ಬಂದಿದೆ. ಆದರೆ ಅದರ ಎರಡನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, ಅಂತಿಮ ಅಂಕಪಟ್ಟಿಯೂ ಇದುವರೆಗಿನ ಮಟ್ಟದಲ್ಲೇ ಇದ್ದರೆ ಮಾತ್ರ ಈ ಪ್ರವೇಶ ಊರ್ಜಿತ ಎಂಬ ವಾಕ್ಯವಿದೆ; ಅದನ್ನು ನಾನು ಗಮನವಿಟ್ಟು ಓದಿದ್ದು ಮೊನ್ನೆ, ಗಣಿತದಲ್ಲಿ ‘ಡಿ’ ಬಂದ ಮೇಲೆ. ಅಲ್ಲಿಯವರೆಗೆ ಆ ವಿಷಯದಲ್ಲಿ ‘ಬಿ’ಗಿಂತ ಕಡಿಮೆ ಬಂದದ್ದೇ ಇಲ್ಲ.

ಕಾರಣವನ್ನು ಮುಚ್ಚಿಡುವುದಿಲ್ಲ. ಜ್ವರದಿಂದ 2 ವಾರ ತರಗತಿ ತಪ್ಪಿದ್ದು ನಿಜ, ವೈದ್ಯರ ಚೀಟಿಯೂ ಇದೆ. ಆದರೆ ಚೇತರಿಸಿಕೊಂಡ ಮೇಲೂ, ಹೇಗೂ ಸೀಟು ಸಿಕ್ಕಾಗಿದೆಯಲ್ಲ ಎಂಬ ಧೈರ್ಯದಲ್ಲಿ ಪಾಠಗಳನ್ನು ಮುಂದಕ್ಕೆ ಹಾಕುತ್ತ ಹೋದವಳು ನಾನೇ.

ಅಂಕಪಟ್ಟಿಯನ್ನು ಶಾಲೆಯವರೇ ನೇರವಾಗಿ ಕಾಲೇಜಿಗೆ ಕಳುಹಿಸುವುದರಿಂದ ವಿಷಯ ಅವರಿಗೆ ತಿಳಿದೇ ತಿಳಿಯುತ್ತದೆ. ಇಂಥ ಸಂದರ್ಭದಲ್ಲಿ ಕೆಲವು ಕಾಲೇಜುಗಳು ವಿವರಣೆ ಕೇಳಿ ಸುಮ್ಮನಾಗುತ್ತವೆ, ಕೆಲವು ಷರತ್ತಿನ ಮೇಲೆ ಸೇರಿಸಿಕೊಳ್ಳುತ್ತವೆ, ಪ್ರವೇಶವನ್ನೇ ಹಿಂಪಡೆಯುವುದೂ ಉಂಟು. ಅವರು ಕೇಳುವ ಮೊದಲೇ ನಾನಾಗಿ ಪತ್ರ ಬರೆಯುವುದು ಮೇಲೋ, ಕಾಯುವುದು ಮೇಲೋ? ಅಪ್ಪ ಕಾಯೋಣ ಎನ್ನುತ್ತಾರೆ. ನನಗೇಕೋ ಅದು ಸರಿ ಕಾಣುತ್ತಿಲ್ಲ. ಬರೆಯುವುದಾದರೆ ಅನಾರೋಗ್ಯವನ್ನು ಎಷ್ಟರಮಟ್ಟಿಗೆ ಹೇಳಬೇಕು, ರಜೆಯಲ್ಲಿ ಆ ವಿಷಯವನ್ನು ಮತ್ತೆ ಓದಿ ಪರೀಕ್ಷೆ ಬರೆಯುತ್ತೇನೆಂದು ತಿಳಿಸಿದರೆ ಅದಕ್ಕೆ ಬೆಲೆ ಇದೆಯೇ, ಗಣಿತದ ಮೇಷ್ಟರ ಪತ್ರವನ್ನು ಜೊತೆಗಿಡಬಹುದೇ ಎಂಬುದನ್ನು ಈ ಹಾದಿ ದಾಟಿ ಬಂದವರು ಅಥವಾ ಪ್ರವೇಶ ವಿಭಾಗದಲ್ಲಿ ಕೆಲಸ ಮಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ. ಅಂಕಪಟ್ಟಿ ಹೋಗಲು ಇನ್ನು 9 ದಿನ ಉಳಿದಿದೆ.